ಖಾಕಿ ಹಾಕಲಿರುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಮೊನ್ನೆ ಫೋನಿನಲ್ಲಿ ಹೇಳಿದ್ದು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. ಪೊಲೀಸ್ ಅಕಾಡೆಮಿಯಲ್ಲಿ ಊಟದ ಹೊತ್ತಿಗೆ ನಿಮ್ಮ ನಿಮ್ಮಲ್ಲೇ ಜೋರು ಚರ್ಚೆ ಆಯಿತಂತೆ. ಟ್ರಾಫಿಕ್ ರೂಲ್ಸ್ ಪೊಲೀಸರಿಗೂ ಇರಬೇಕಾ ಅಂತ. "ನಾವು ಡ್ಯೂಟಿ ಮಾಡೋದಾ, ಸಿಗ್ನಲ್ ಕಾಯ್ತಾ ನಿಲ್ಲೋದಾ?" ಅಂತ ಒಬ್ಬರು ಕೇಳಿದಾಗ ಅರ್ಧ ಜನ ಹೌದೌದು ಅಂದರಂತೆ. ಆಮೇಲೆ ನೀನು ನನ್ನನ್ನು ಕೇಳಿದೆ, "ಅಪ್ಪಾ, ನೀವು ಇಡೀ ಜೀವನ ಬಸ್ ಓಡಿಸಿದವರು. ನಿಮಗೇನನ್ನಿಸುತ್ತೆ?"

ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ. ಬಿಡುವಾದಾಗ ನಿಧಾನಕ್ಕೆ ಓದು.

ಪಾಲಿಸಲೇಬೇಕು ಮಗಳೇ. ಬೇರೆಯವರಿಗಿಂತ ಜಾಸ್ತಿಯೇ ಪಾಲಿಸಬೇಕು. ಇದು ಬರೀ ಅಪ್ಪನ ಆಸೆ ಅಂದುಕೊಳ್ಳಬೇಡ, ಕಾನೂನೂ ಹಾಗೇ ಹೇಳುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತಲ್ಲ, ಸೆಪ್ಟೆಂಬರ್ 1ರಿಂದ ದಂಡ ಏರಿತು ಅಂತ ನಮ್ಮ ಡಿಪೋದಲ್ಲಿ ಬಹಳ ದಿನ ಅದೇ ಮಾತು. ಆದರೆ ಅದೇ ತಿದ್ದುಪಡಿಯಲ್ಲಿ 210ಬಿ ಅಂತ ಒಂದು ಸೆಕ್ಷನ್ ಕೂಡ ಬಂತು. ಅದರ ಬಗ್ಗೆ ಮಾತಾಡಿದವರು ಕಡಿಮೆ. ಈ ಕಾಯ್ದೆಯನ್ನು ಜಾರಿ ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ತಪ್ಪು ಮಾಡಿದರೆ, ಆ ತಪ್ಪಿಗೆ ಇರುವ ದಂಡದ ಎರಡರಷ್ಟು ಕಟ್ಟಬೇಕು. ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಇಲ್ಲದೆ ಹೋದರೆ ನನಗೆ 500 ರೂಪಾಯಿ. ನಾಳೆ ನಿನಗೆ 1000. ಹೊಸ ದಂಡ ಬಂದ ಮೊದಲ ದಿನಗಳಲ್ಲೇ ದೆಹಲಿಯ ಸಂಚಾರ ಪೊಲೀಸರು ತಮ್ಮ ಸಿಬ್ಬಂದಿಗೆ ಈ ಡಬಲ್ ದಂಡ ನೆನಪಿಸಿ ಆದೇಶವನ್ನೇ ಹೊರಡಿಸಿದ್ದರು.

ಹೆಲ್ಮೆಟ್ಟಿನ ಸೆಕ್ಷನ್ 129. ಅದನ್ನೂ ಒಮ್ಮೆ ತೆಗೆದು ನೋಡು. ನಾಲ್ಕು ವರ್ಷ ದಾಟಿದ ಯಾರೇ ಆಗಲಿ ಹೆಲ್ಮೆಟ್ ಹಾಕಬೇಕು. ಪೇಟ ಕಟ್ಟಿದ ಸಿಖ್ಖರಿಗೆ ವಿನಾಯಿತಿ ಇದೆ ಅಂತ ಅಲ್ಲೇ ಬರೆದಿದ್ದಾರೆ. ಖಾಕಿ ಟೋಪಿಯ ಮಾತೇ ಅಲ್ಲಿ ಇಲ್ಲ.

ಹಾಗಾದರೆ ತುರ್ತು ಬಂದಾಗ ಏನು ಮಾಡೋದು ಅಂತ ನಿನ್ನ ಗೆಳತಿಯರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಯಾರದೋ ಮನೆಗೆ ಕಳ್ಳರು ನುಗ್ಗಿದ್ದಾರೆ, ಯಾರದೋ ಪ್ರಾಣ ಹೋಗುತ್ತಿದೆ, ಆಗ ಸಿಗ್ನಲ್‌ನಲ್ಲಿ ನಿಲ್ಲು ಅಂತ ಯಾರೂ ಹೇಳುವುದಿಲ್ಲ. 2017ರ ಚಾಲನಾ ನಿಯಮಗಳಲ್ಲಿ ಫೈರ್ ಇಂಜಿನ್, ಆಂಬುಲೆನ್ಸ್ ಜೊತೆಗೆ ಪೊಲೀಸ್ ವಾಹನಕ್ಕೂ ಆ ದಾರಿ ಬಿಟ್ಟಿದ್ದಾರೆ. ಆದರೆ ಅದು ತುರ್ತು ಕೆಲಸಕ್ಕೆ ಮಾತ್ರ. ಸೈರನ್, ದೀಪ ಹಾಕಿರಬೇಕು. ಅಕ್ಕಪಕ್ಕದವರ ಜೀವ ನೋಡಿಕೊಂಡು ಹೋಗಬೇಕು. ಆ ವಾಹನಕ್ಕೆ ದಾರಿ ಬಿಡದ ನಮ್ಮಂಥವರಿಗೆ ಕಾಯ್ದೆಯಲ್ಲಿ 10,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಷ್ಟು ದೊಡ್ಡ ಗೌರವವನ್ನು ಕಾನೂನು ಆ ಸೈರನ್‌ಗೆ ಕೊಟ್ಟಿದೆ.

ಶಿರಾಡಿ ಘಾಟಿಯಲ್ಲಿ ಹಿಂದಿನಿಂದ ಸೈರನ್ ಕೇಳಿದರೆ ನಾನು ಏನು ಮಾಡುತ್ತಿದ್ದೆ ಗೊತ್ತಾ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಬಸ್ ತುಂಬ ಜನ. ಆದರೂ ಜಾಗ ಸಿಕ್ಕ ಕಡೆ ಸರಿದು ನಿಲ್ಲಿಸುತ್ತಿದ್ದೆ. ಒಳಗೆ ಯಾರದೋ ಜೀವ ಇದೆ ಅನ್ನುವ ನಂಬಿಕೆ. ಕೆಲವು ಸಲ ಮುಂದಿನ ಊರು ತಲುಪಿದಾಗ ಅದೇ ಗಾಡಿ ಹೋಟೆಲ್ ಮುಂದೆ ನಿಂತಿರುತ್ತಿತ್ತು. ಆಗ ಆಗುತ್ತಿದ್ದ ಸಂಕಟ ನಿನಗೆ ಹೇಗೆ ಹೇಳಲಿ? ಮುಂದಿನ ಸಲ ಸೈರನ್ ಕೇಳಿದಾಗ ಕಾಲು ಬ್ರೇಕಿನ ಮೇಲೆ ಹೋಗುವ ಮೊದಲು ಮನಸ್ಸು ಅನುಮಾನ ಪಡುತ್ತದೆ. ಆ ಅನುಮಾನದ ಬೆಲೆ ತೆರುವವನು ನಿಜವಾದ ಆಂಬುಲೆನ್ಸ್‌ನಲ್ಲಿ ಮಲಗಿರುವ ರೋಗಿ.

ಊಟಕ್ಕೆ ಹೋಗುವುದು ತುರ್ತಲ್ಲ. ಮೀಟಿಂಗ್‌ಗೆ ತಡವಾಗಿದೆ ಅನ್ನುವುದು ತುರ್ತಲ್ಲ. ಯೂಟರ್ನ್ ದೂರ ಇದೆ ಅಂತ ರಾಂಗ್ ಸೈಡಿನಲ್ಲಿ ಬರುವುದು ಖಂಡಿತ ತುರ್ತಲ್ಲ.

ಬಸ್ಸಿನ ಡ್ರೈವರ್ ಸೀಟು ಎತ್ತರದಲ್ಲಿರುತ್ತೆ. ಕಾರಿನವರಿಗೆ, ಬೈಕಿನವರಿಗೆ ಕಾಣದ್ದು ನಮಗೆ ಕಾಣುತ್ತೆ. ಸಿಗ್ನಲ್ ಕೆಂಪಾಗಿದೆ ಅನ್ನು. ಎಲ್ಲರೂ ನಿಂತಿದ್ದಾರೆ, ಅಸಹನೆ ಇದ್ದರೂ ನಿಂತಿದ್ದಾರೆ. ಆಗ ಹಿಂದಿನಿಂದ ಒಬ್ಬ ಪೊಲೀಸ್ ಬೈಕಿನಲ್ಲಿ ಬಂದು, ಆಚೀಚೆ ನೋಡಿ, ಮೆಲ್ಲಗೆ ದಾಟಿಬಿಡುತ್ತಾನೆ. ಎರಡು ಸೆಕೆಂಡ್ ಯಾರೂ ಅಲುಗಾಡುವುದಿಲ್ಲ. ಆಮೇಲೆ ಮುಂದಿದ್ದ ಸ್ಕೂಟರ್ ಹೊರಡುತ್ತೆ. ಅದರ ಹಿಂದೆ ಆಟೋ. ಕಾರಿನವರು ಹಾರ್ನ್ ಹೊಡೆಯಲು ಶುರು ಮಾಡುತ್ತಾರೆ. ನಿಯಮದ ಪ್ರಕಾರ ನಿಂತ ನನ್ನ ಮೇಲೇ ಸಿಟ್ಟು, "ಯಾಕ್ರೀ ನಿಂತಿದ್ದೀರಾ, ಹೋಗ್ರೀ" ಅಂತ. ಅಡ್ಡ ರಸ್ತೆಯಲ್ಲಿ ಹಸಿರು ಬಂದಿದೆ ಅಂತ ನಂಬಿ ಬರುವವನಿಗೆ ಇದೇನೂ ಗೊತ್ತಿರುವುದಿಲ್ಲ. ಬೇರೆ ಯಾರೋ ಸಿಗ್ನಲ್ ಹಾರಿದರೆ ಜನ ಬೈಯುತ್ತಾರೆ. ಪೊಲೀಸ್ ಹಾರಿದರೆ ಅದನ್ನೇ ಅನುಮತಿ ಅಂದುಕೊಳ್ಳುತ್ತಾರೆ. ಇದನ್ನು ನಾನು ಎಷ್ಟೋ ಊರಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ವಿಷಯ ಬರೆಯಲು ಮನಸ್ಸು ಭಾರ ಆಗುತ್ತೆ. 2024ರ ಡಿಸೆಂಬರ್ 1ರಂದು ನಮ್ಮ ಹಾಸನದ ಹತ್ತಿರ ಕಿತ್ತಾನೆ ಬಳಿ ಪೊಲೀಸ್ ವಾಹನ ಅಪಘಾತ ಆಗಿ, ಒಬ್ಬ ಯುವ ಐಪಿಎಸ್ ಅಧಿಕಾರಿ ತೀರಿಕೊಂಡರಲ್ಲ. ನೀನೀಗ ಇರುವ ಮೈಸೂರಿನ ಅದೇ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ, ಮೊದಲ ಪೋಸ್ಟಿಂಗ್‌ಗೆ ಅಂತ ಹೊರಟಿದ್ದರು. ವಯಸ್ಸು ಇನ್ನೂ ಇಪ್ಪತ್ತಾರು. ಟೈರ್ ಸಿಡಿಯಿತು ಅಂತ ಸುದ್ದಿ ಬಂತು. ಅಲ್ಲಿ ಯಾರದ್ದೋ ತಪ್ಪಿತ್ತು ಅಂತ ನಾನು ಹೇಳುತ್ತಿಲ್ಲ, ಹಾಗೆ ತಿಳಿಯಬೇಡ. ಆ ರಸ್ತೆಯಲ್ಲಿ ನಾನು ಬಸ್ ಓಡಿಸಿದವನು. ಆ ದಿನದಿಂದ ಪೊಲೀಸ್ ಜೀಪ್ ಕಂಡರೆ ಒಳಗೆ ಕೂತಿರುವವರ ಸೀಟ್ ಬೆಲ್ಟ್ ಕಡೆಗೇ ನನ್ನ ಕಣ್ಣು ಹೋಗುತ್ತೆ. ಹಾಕಿದವರು ಕಡಿಮೆ.

ಯಾಕೆ ಹಾಕುವುದಿಲ್ಲ ಅಂತ ನನಗೆ ಪರಿಚಯದ ಒಬ್ಬ ಜೀಪ್ ಡ್ರೈವರನ್ನು ಕೇಳಿದ್ದೆ. ಥಟ್ಟನೆ ಇಳಿದು ಓಡಬೇಕಾಗುತ್ತೆ, ಬೆಲ್ಟ್ ಅಡ್ಡ ಅಂದರು. ಬೆಲ್ಟ್ ತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕು ಮಗಳೇ. ಡಿಕ್ಕಿ ಹೊಡೆದಾಗ ಹಾಕಿಕೊಳ್ಳಲು ಮಾತ್ರ ಆಗುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಬೆಲ್ಟ್ ಹಾಕದೆ ಸತ್ತವರು 16,715. ಅವರಲ್ಲಿ ಪ್ರತಿಯೊಬ್ಬರಿಗೂ ಮನೆಯಲ್ಲಿ ಕಾಯುವವರು ಇದ್ದರು.

ನೀನು ಪಿಎಸ್‌ಐ ಆದ ಮೇಲೆ ಜೀಪಿನಲ್ಲಿ ಎಡಗಡೆ ಕೂರುತ್ತೀಯ. ಸ್ಟೀರಿಂಗ್ ನಿನ್ನ ಕೈಯಲ್ಲಿ ಇರುವುದಿಲ್ಲ. ತಪ್ಪು ಮಾಡಿದರೆ ಡ್ರೈವರ್‌ದು ಅಂತ ಅನ್ನಿಸಬಹುದು. ಹಾಗಲ್ಲ. ಸೆಕ್ಷನ್ 183 ನೋಡು. ತನ್ನ ಹಿಡಿತದಲ್ಲಿರುವವರು ಮಿತಿ ಮೀರಿದ ವೇಗದಲ್ಲಿ ಗಾಡಿ ಓಡಿಸುವಂತೆ ಮಾಡುವವರಿಗೂ ಅದರಲ್ಲಿ ದಂಡ ಇದೆ. "ಸ್ವಲ್ಪ ಬೇಗ ಹೊಡಿಯಪ್ಪಾ" ಅಂತ ಎಡಗಡೆಯಿಂದ ಬರುವ ಮಾತು ಡ್ರೈವರ್ ಕಾಲಿಗೆ ಹೇಗೆ ಕೇಳುತ್ತೆ ಅಂತ ನನಗೆ ಗೊತ್ತು. ಮೇಲಿನವರು ಹೇಳಿದರೆ ಇಲ್ಲ ಅನ್ನಲು ಅವನಿಗೆ ಧೈರ್ಯ ಸಾಲದು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಆದ್ದರಿಂದ ಮೊದಲ ದಿನವೇ ಅವನಿಗೆ ಹೇಳಿಬಿಡು. ಸೈರನ್ ಹಾಕುವ ಕೆಲಸ ಇದ್ದರೆ ನಾನೇ ಹೇಳುತ್ತೇನೆ, ಉಳಿದ ಹೊತ್ತು ಎಲ್ಲರ ಹಾಗೆ ಹೋಗೋಣ ಅಂತ. ಅವನಿಗೆ ಎಷ್ಟು ನಿರಾಳ ಆಗುತ್ತೆ ನೋಡು.

ನಿನ್ನ ಸ್ವಂತ ಹೆಲ್ಮೆಟ್, ನಿನ್ನ ಬೆಲ್ಟ್ ಬಗ್ಗೆ ನನಗೆ ಚಿಂತೆ ಇಲ್ಲ. ಹೈಸ್ಕೂಲಿನಿಂದ ನನ್ನ ಹಿಂದೆ ಸ್ಕೂಟರಿನಲ್ಲಿ ಕೂತವಳು ನೀನು. ಕಷ್ಟ ಇರುವುದು ಬೇರೆ ಕಡೆ. ನಿನ್ನ ಜೊತೆ ಕೆಲಸ ಮಾಡುವ ಪೇದೆ ಹೆಲ್ಮೆಟ್ ಇಲ್ಲದೆ ನಿನ್ನ ಕಣ್ಣ ಮುಂದೆಯೇ ಹೊರಟಾಗ ಏನು ಮಾಡುತ್ತೀಯ? ನಿನಗಿಂತ ದೊಡ್ಡವರ ಗಾಡಿ ಒನ್‌ವೇಯಲ್ಲಿ ಎದುರು ಬಂದಾಗ? ನಮ್ಮವರು ಅಂತ ಬಿಟ್ಟುಬಿಡುವುದು ಸುಲಭ. ಡಿಪಾರ್ಟ್‌ಮೆಂಟ್ ಅಂದರೆ ಮನೆ ಇದ್ದ ಹಾಗೆ ಅಂತ ಹೇಳಿಕೊಡುತ್ತಾರೆ. ಮನೆಯವರ ಪ್ರಾಣದ ವಿಷಯದಲ್ಲಿ ನಾವು ಸುಮ್ಮನಿರುತ್ತೇವಾ?

2022ರಲ್ಲಿ ಬೆಂಗಳೂರಿನ ಆರ್.ಟಿ. ನಗರ ಸಂಚಾರ ಪೊಲೀಸರು ಹಾಫ್ ಹೆಲ್ಮೆಟ್ ಹಾಕಿದ ಒಬ್ಬ ಪೊಲೀಸರಿಗೇ ಕೇಸ್ ಹಾಕಿ, ಅದರ ಫೋಟೋವನ್ನು ತಾವೇ ಟ್ವಿಟರ್‌ನಲ್ಲಿ ಹಾಕಿದ್ದರು. ಆ ಫೋಟೋ ನೋಡಿ ನನಗೆ ತುಂಬ ಖುಷಿ ಆಗಿತ್ತು. ಅದೇ ವರ್ಷದ ಕೊನೆಗೆ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಹೊಸ ಕ್ಯಾಮೆರಾಗಳು ಬಂದವು. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತೆ, ಒಳಗಿರುವವರ ಭುಜದ ಮೇಲಿನ ನಕ್ಷತ್ರ ಎಣಿಸುವುದಿಲ್ಲ. ಆದರೆ ಇಲಾಖೆಯ ಗಾಡಿಗೆ ನೋಟಿಸ್ ಬಂದರೆ ದಂಡ ಯಾರು ಕಟ್ಟಬೇಕು? ನನ್ನ ಪ್ರಕಾರ ತಪ್ಪು ಮಾಡಿದವರೇ ಸ್ವಂತ ಜೇಬಿನಿಂದ ಕಟ್ಟಬೇಕು. ಸರ್ಕಾರದ ದುಡ್ಡಿನಲ್ಲಿ ಕಟ್ಟಿದರೆ ಅದು ಜನರ ದುಡ್ಡು, ಯಾರಿಗೂ ಬಿಸಿ ಮುಟ್ಟುವುದಿಲ್ಲ. ನಿನ್ನ ಠಾಣೆಯ ಗಾಡಿಗೆ ಅಂಥದ್ದು ಬಂದರೆ ಇದನ್ನು ಜ್ಞಾಪಕ ಇಟ್ಟುಕೋ.

ಪೊಲೀಸರ ಕಷ್ಟ ಗೊತ್ತಿಲ್ಲದೆ ಬರೆಯುತ್ತಿಲ್ಲ. ಬಿಸಿಲು, ಹೊಗೆ, ಧೂಳು, ಮುಗಿಯದ ಡ್ಯೂಟಿ. ಮಳೆಯಲ್ಲಿ ನೆನೆದುಕೊಂಡು ನಮ್ಮ ಬಸ್ಸಿಗೆ ದಾರಿ ಮಾಡಿಕೊಟ್ಟವರನ್ನು ನಾನು ಮರೆತಿಲ್ಲ. ಹಬ್ಬದ ದಿನ ಎಲ್ಲರೂ ಊರಿಗೆ ಹೋಗುವಾಗ ಅವರು ಸರ್ಕಲ್‌ನಲ್ಲಿ ನಿಂತಿರುತ್ತಾರೆ. ಅಂಥವರಿಗೆ ಇಲಾಖೆ ಒಳ್ಳೆಯ ಹೆಲ್ಮೆಟ್, ಒಳ್ಳೆಯ ಮಾಸ್ಕ್, ಸರಿಯಾದ ವಿಶ್ರಾಂತಿ ಕೊಡಬೇಕು. ನೀನು ಠಾಣೆಯಲ್ಲಿ ಕೂತಾಗ ನಿನ್ನ ಕೆಳಗಿನವರಿಗೆ ಇದನ್ನು ಕೇಳಿ ಕೊಡಿಸು. ಸುಸ್ತಾದ ಮನುಷ್ಯ ಬೇಗ ಮನೆ ಸೇರಲು ರಾಂಗ್ ಸೈಡ್ ಹಿಡಿಯುತ್ತಾನೆ, ಬರೀ ದಂಡದಿಂದ ಅದು ನಿಲ್ಲುವುದಿಲ್ಲ.

ಮಂಡ್ಯದ ಆ ಮಗುವಿನ ವಿಷಯವನ್ನೂ ಹೇಳಲೇಬೇಕು. 2025ರ ಮೇ ತಿಂಗಳಲ್ಲಿ, ನಾಯಿ ಕಚ್ಚಿದ ಪುಟ್ಟ ಮಗುವನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ಅಂತ ಪೊಲೀಸರು ತಡೆದಾಗ ಬಿದ್ದು ಮಗು ತೀರಿಹೋಯಿತು. ಮೂವರು ಎಎಸ್‌ಐಗಳು ಅಮಾನತಾದರು. ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಸುಮ್ಮನೆ ವಾಹನ ತಡೆಯಬೇಡಿ, ದಿಢೀರ್ ಅಂತ ಅಡ್ಡ ಬರಬೇಡಿ, ಗಾಡಿಯ ಕೀ ಕಿತ್ತುಕೊಳ್ಳಬೇಡಿ ಅಂತ. ಪೊಲೀಸರು ನಿಯಮ ಪಾಲಿಸುವುದು ಅಂದರೆ ಹೆಲ್ಮೆಟ್, ಸಿಗ್ನಲ್ ಅಷ್ಟೇ ಅಲ್ಲ, ಇದೂ ಸೇರುತ್ತೆ. ಕೈ ಅಡ್ಡ ಹಿಡಿಯುವ ಮೊದಲು ಹಿಂದೆ ಕೂತವರು ಯಾರು, ಮಡಿಲಲ್ಲಿ ಏನಿದೆ ಅಂತ ನೋಡು. ಮುಂದೆ ಓಡಿ ಹೋಗುವವನನ್ನು ಬೆನ್ನಟ್ಟಬೇಡ, ನಂಬರ್ ಬರೆದುಕೋ. ನೋಟಿಸ್ ಮನೆಗೇ ಹೋಗುತ್ತೆ.

ನಿನ್ನ ಕ್ಲಾಸಿನವರಿಗೆ ಉತ್ತರ ಕೊಡಬೇಕು ಅಂದಿದ್ದೆ ಅಲ್ವಾ. 210ಬಿ, 129, 183 ಈ ಮೂರನ್ನೂ ಅವರ ಜೊತೆ ಕೂತು ಓದು. ಜಗಳ ಆಡಬೇಡ. ಓದಿದ ಮೇಲೂ ಡ್ಯೂಟಿಯೇ ದೊಡ್ಡದು ಅಂದರೆ, ಯಾವ ಡ್ಯೂಟಿಗೆ ಹೋಗುವಾಗ ಹೆಲ್ಮೆಟ್ ಅಡ್ಡ ಬಂತು ಅಂತ ಒಂದು ಉದಾಹರಣೆ ಕೇಳು. ಅವರು ಏನು ಹೇಳಿದರು ಅಂತ ನನಗೂ ತಿಳಿಸು.

ಹೆಲ್ಮೆಟ್ ತಗೊಳ್ಳುವಾಗ ಐಎಸ್‌ಐ ಗುರುತು ನೋಡಿಯೇ ತಗೋ, ಪೂರ್ತಿ ಮುಖ ಮುಚ್ಚುವಂಥದ್ದು. ದುಡ್ಡು ನಾನು ಕಳಿಸುತ್ತೇನೆ. ಪಾಸಿಂಗ್ ಔಟ್ ಪರೇಡ್ ದಿನ ಗೊತ್ತಾದ ಕೂಡಲೇ ಹೇಳು, ಅಮ್ಮ ಈಗಲೇ ಸೀರೆ ತೆಗೆದಿಟ್ಟಿದ್ದಾಳೆ. ನಿನ್ನ ಮೊಣಕಾಲು ನೋವು ಕಡಿಮೆ ಆಯಿತಾ?

ಇಂತಿ,
ನಿನ್ನ ಅಪ್ಪ