ಪಿ ಬೆಲೆ ಚಿಕ್ಕದಾದ ಮಾತ್ರಕ್ಕೆ ಗೆರೆ ನೇರವಾಗದು

ಮಾನ್ಯ ಸಂಪಾದಕರೇ,

‘ನೆರಳು ಹೆಚ್ಚಿದಷ್ಟೂ ಬಿಳಿ ಕಾಂಡಕೊರಕ ಕಡಿಮೆ, ಟ್ರೆಂಡ್ ಪರೀಕ್ಷೆಯಲ್ಲಿ ಪಿ 0.001ಕ್ಕಿಂತ ಕಡಿಮೆ.’ ಕಾಫಿ ಗಿಡದ ಕಾಂಡ ಕೊರೆಯುವ ಈ ಕೀಟದ ಬಗ್ಗೆ ಸಮೀಕ್ಷಾ ವರದಿಯೊಂದರಲ್ಲಿ ಇಂಥ ಸಾಲು ಕಂಡರೆ ಅರೇಬಿಕಾ ಕಾಫಿ ಬೆಳೆಗಾರರು ಮರ ಕಪಾತು ನಿಲ್ಲಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಆ ಇಳಿಕೆ ಹಂತಹಂತವಾಗಿ ಆಗಿದೆಯೋ, ಒಂದೇ ಹಂತದಲ್ಲಿ ಆಗಿ ನಿಂತಿದೆಯೋ? ಟ್ರೆಂಡ್ ಪರೀಕ್ಷೆ ನೋಡುವುದು ಒಟ್ಟಾರೆ ಏರಿಳಿತದ ದಿಕ್ಕನ್ನು; ಅದರ ಪಿ ಬೆಲೆ (ನಿಜವಾದ ಸಂಬಂಧವೇ ಇಲ್ಲದಿದ್ದರೆ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) ಇದಕ್ಕೆ ಉತ್ತರ ಕೊಡುವುದಿಲ್ಲ.

ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾವೇ ಇಟ್ಟುಕೊಂಡವು. ನೆರಳು ಸುಮಾರು 10, 30, 50, 70 ಶೇಕಡಾ ಇರುವ ನಾಲ್ಕು ಗುಂಪು, ಗುಂಪಿಗೆ 200 ಗಿಡ. ಕೊರಕ ಬಿದ್ದ ಗಿಡಗಳು ಕ್ರಮವಾಗಿ 40, 12, 11, 10. ಅಂದರೆ ಶೇ 20, 6, 5.5, 5. ತೀರಾ ಬಿಸಿಲಿನಿಂದ ಸಾಧಾರಣ ನೆರಳಿಗೆ ಬಂದ ಕೂಡಲೇ ಹಾವಳಿ ಕುಸಿದಿದೆ. ಆಮೇಲೆ ಹೆಚ್ಚು ಕಡಿಮೆ ಹಾಗೇ ಇದೆ.

ಗುಂಪುಗಳಿಗೆ 0, 1, 2, 3 ಎಂದು ಅಂಕ ಕೊಟ್ಟು ಹೌದು-ಇಲ್ಲ ಫಲಿತಾಂಶಗಳನ್ನು ವಿಶ್ಲೇಷಿಸುವ ಲಾಜಿಸ್ಟಿಕ್ ರಿಗ್ರೆಷನ್‌ನಲ್ಲಿ ಒಂದೇ ಪದವಾಗಿ ಸೇರಿಸಿದರೆ ಆ ಪದದಿಂದ ಮಾದರಿ ಎಷ್ಟು ಉತ್ತಮವಾಯಿತೆಂದು ಅಳೆಯುವ ಲೈಕ್ಲಿಹುಡ್ ರೇಷಿಯೋ ಕೈ-ಸ್ಕ್ವೇರ್ ಸುಮಾರು 26 ಬರುತ್ತದೆ. ಒಂದು ಡಿಗ್ರಿ ಆಫ್ ಫ್ರೀಡಂಗೆ (ಸೇರಿಸಿದ ಪದ ಒಂದೇ ಆದ್ದರಿಂದ) 3.84 ದಾಟಿದರೆ ಸಾಕು, ಇದು ಎಷ್ಟೋ ಮೇಲಿದೆ. ಆಡ್ಸ್ (ಕೊರಕ ಬಿದ್ದ ಗಿಡಗಳ ಸಂಖ್ಯೆಯನ್ನು ಬೀಳದವುಗಳ ಸಂಖ್ಯೆಯಿಂದ ಭಾಗಿಸಿದ್ದು) ಒಂದು ಹಂತಕ್ಕೆ ಎಷ್ಟು ಪಟ್ಟಾಗುತ್ತದೆಂದು ಹೇಳುವ ಆಡ್ಸ್ ರೇಷಿಯೋ 0.55. ‘ಪ್ರತಿ ಹಂತಕ್ಕೂ ಆಡ್ಸ್ ಶೇ 45ರಷ್ಟು ಇಳಿಯುತ್ತದೆ’ ಎಂದು ವರದಿ ಬರೆದುಬಿಡಬಹುದು. ಆದರೆ ಈ ಮಾದರಿ ಊಹಿಸುವ ಹಾವಳಿ ಶೇ 17, 10, 6 ಮತ್ತು 3.3. ಎರಡನೇ ಗುಂಪಿನಲ್ಲಿ ನಿಜವಾಗಿ ಇರುವುದು 6, ಮಾದರಿ ಹೇಳುವುದು 10. ಕೊನೆಯ ಹಂತದಲ್ಲಿ ಹಾವಳಿ ಅರ್ಧಕ್ಕೆ ಹತ್ತಿರ ಇಳಿಯುತ್ತದೆ ಎನ್ನುತ್ತದೆ, ಇಳಿದಿರುವುದು ಅರ್ಧ ಶೇಕಡಾ ಮಾತ್ರ.

ಇದನ್ನು ನಂಬಿ 50ರಿಂದ 70ಕ್ಕೆ ನೆರಳು ಬೆಳೆಯಲು ಬಿಟ್ಟ ಬೆಳೆಗಾರನಿಗೆ ಕೊರಕದಲ್ಲಿ ಲಾಭವಿಲ್ಲ. ಮಳೆಗಾಲದಲ್ಲಿ ಗಾಳಿ ಬೆಳಕಿಲ್ಲದ ತೋಟಕ್ಕೆ ಕೊಳೆರೋಗ ಹತ್ತುವ ಅಪಾಯ ಮಾತ್ರ ಹೆಚ್ಚು. ಅಂಕಿಅಂಶದ ತಪ್ಪಿಗೆ ಬೆಲೆ ತೆರುವುದು ಫಸಲು.

ಆದ್ದರಿಂದ ಎರಡನೇ ಪರೀಕ್ಷೆ ಬೇಕೇ ಬೇಕು. ಅದೇ ಗಿಡಗಳಿಗೆ, ಅವೇ ಇತರ ಅಂಶಗಳನ್ನು (ಗಿಡದ ವಯಸ್ಸು, ತಳಿ, ಇಳಿಜಾರಿನ ದಿಕ್ಕು) ಇಟ್ಟುಕೊಂಡು, ನೆರಳನ್ನು ಮೂರು ಡಮ್ಮಿಗಳಾಗಿ (ಒಂದು ಗುಂಪು ಬಿಟ್ಟು ಉಳಿದ ಪ್ರತಿ ಗುಂಪಿಗೂ ಒಂದೊಂದು ಹೌದು-ಇಲ್ಲ ಪದವಾಗಿ) ಹಾಕಿದ ಮಾದರಿ ಹೊಂದಿಸಿ. ಮೇಲಿನ ಉದಾಹರಣೆಯಲ್ಲಿ ಅದರ ಕೈ-ಸ್ಕ್ವೇರ್ ಸುಮಾರು 33.1. ಸರಳರೇಖೆಯ 26 ಕಳೆದರೆ ಉಳಿಯುವುದು 7.1, ಡಿಗ್ರಿ ಆಫ್ ಫ್ರೀಡಂ 2 (ಮೂರು ಪದಗಳಿಂದ ಒಂದು ಕಳೆದು). ಮಿತಿ 5.99, ಪಿ ಸುಮಾರು 0.03. ಟ್ರೆಂಡ್ ಇದೆ, ಆದರೆ ನೇರ ಗೆರೆಯಲ್ಲ ಎಂದು ಇದು ಹೇಳುತ್ತದೆ. ವಯಸ್ಸು ದಾಖಲಾಗದ ಗಿಡಗಳು ಒಂದು ಮಾದರಿಯಿಂದ ಮಾತ್ರ ಬಿಟ್ಟುಹೋದರೆ ಈ ಕಳೆಯುವ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ. ಮೊದಲೇ ಎರಡರಲ್ಲೂ ಗಿಡಗಳ ಸಂಖ್ಯೆ ಒಂದೇ ಇದೆಯೇ ನೋಡಿಕೊಳ್ಳಿ. ಇನ್ನೊಂದು ಮಾತು: 7.1ರ ಬದಲು 3 ಬಂದರೆ ಗೆರೆ ನೇರವೆಂದು ಸಾಬೀತಾಗುವುದಿಲ್ಲ. ಕೊರಕ ಬಿದ್ದ ಗಿಡಗಳು ಕಡಿಮೆ ಇದ್ದಾಗ ಈ ಪರೀಕ್ಷೆಗೆ ವಕ್ರತೆ ಹಿಡಿಯುವ ಶಕ್ತಿಯೇ ಇರುವುದಿಲ್ಲ. ಗುಂಪುವಾರು ಲಾಗ್ ಆಡ್ಸ್ (ಆಡ್ಸ್ ಬೆಲೆಯ ಲಾಗರಿದಮ್) ಅನ್ನು ಕಾಗದದ ಮೇಲೆ ಗುರುತಿಸಿ ಕಣ್ಣಾರೆ ನೋಡುವುದನ್ನು ಬಿಡಬಾರದು. ನೇರವಾಗಿರಬೇಕಾದುದು ಲಾಗ್ ಆಡ್ಸ್‌ನ ಗೆರೆ, ಶೇಕಡಾವಾರಿನ ಗೆರೆಯಲ್ಲ.

ಅಂಕ ಕೊಡುವುದರಲ್ಲೂ ಎಡವುವವರಿದ್ದಾರೆ. ಗುಂಪುಗಳ ಅಂತರ ಸಮನಿಲ್ಲದಿದ್ದರೆ 1, 2, 3, 4 ಸಲ್ಲದು. ಪ್ರತಿ ಗುಂಪಿನ ಮಧ್ಯಾಂಕ ಬಳಸಿ. ಅಂಕಿಅಂಶ ವಿಶ್ಲೇಷಣೆಯ ಆರ್ ತಂತ್ರಾಂಶದಲ್ಲಿ ಕ್ರಮಬದ್ಧ ಫ್ಯಾಕ್ಟರ್ (ಹಂತಗಳಿಗೆ ಕ್ರಮವಿರುವ ಗುಂಪುಗಳು) ಹಾಕಿದರೆ ಬರುವ ‘.ಎಲ್’ (ಸರಳರೇಖೆಯ) ಸಾಲಿನ ಗುಣಾಂಕ ಒಂದು ಹಂತದ ಬದಲಾವಣೆಯಲ್ಲ. ನಾಲ್ಕು ಹಂತಗಳಿಗೆ ಅಲ್ಲಿನ ಅಂಕಗಳು –0.671, –0.224, 0.224, 0.671. ಅದನ್ನು ಹಾಗೇ ಘಾತಕ್ಕೇರಿಸಿ ‘ಪ್ರತಿ ಹಂತದ ಆಡ್ಸ್ ರೇಷಿಯೋ’ ಎಂದು ಬರೆಯುವುದು ತಪ್ಪು. ನೆರಳನ್ನು ಶೇಕಡಾದಲ್ಲೇ ಅಳೆದಿದ್ದರೆ ಗುಂಪು ಮಾಡದಿರುವುದೇ ಮೇಲು. ಅಳತೆಯನ್ನೂ ಅದರ ವರ್ಗವನ್ನೂ (ಸ್ಕ್ವೇರ್), ಅಥವಾ ಬಾಗಬಲ್ಲ ಗೆರೆಯಾದ ಸ್ಪ್ಲೈನ್ ಅನ್ನು ಹಾಕಿ ಪರೀಕ್ಷಿಸಿ.

ಎಲ್ಲಕ್ಕಿಂತ ದೊಡ್ಡ ತೊಡಕು ತೋಟದ್ದು. ಕೊರಕ ಬಿದ್ದ ಒಂದು ಗಿಡವನ್ನು ಕಿತ್ತು ಸುಡದೆ ಬಿಟ್ಟರೆ ಅಲ್ಲಿಂದ ಹೊರಬಂದ ದುಂಬಿ ಅಕ್ಕಪಕ್ಕದ ಗಿಡಗಳ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹೀಗಾಗಿ ಒಂದೇ ತೋಟದ 50 ಗಿಡಗಳನ್ನು 50 ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದರೆ ಪಿ ಬೆಲೆ ಸುಳ್ಳೇ ಚಿಕ್ಕದಾಗುತ್ತದೆ. ನಮ್ಮ 26 ಮತ್ತು 7.1 ಕೂಡ ಆಗ ನಿಲ್ಲವು. ತೋಟವನ್ನು ರ‍್ಯಾಂಡಮ್ ಎಫೆಕ್ಟ್ ಆಗಿ (ತೋಟದಿಂದ ತೋಟಕ್ಕಿರುವ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವ ಪದವಾಗಿ) ಸೇರಿಸಬೇಕು, ಇಲ್ಲವೇ ತೋಟವಾರು ಸರಿಪಡಿಸಿದ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ಬಳಸಬೇಕು. ಎರಡನೆಯ ದಾರಿ ಹಿಡಿದರೆ ಲೈಕ್ಲಿಹುಡ್ ಕಳೆಯುವ ಪರೀಕ್ಷೆ ಸಲ್ಲದು, ಗೆರೆಯ ಬಾಗುವಿಕೆ ತೋರಿಸುವ ಪದಗಳನ್ನೆಲ್ಲ ಒಟ್ಟಿಗೆ ಪರೀಕ್ಷಿಸುವ ಜಂಟಿ ವಾಲ್ಡ್ ಪರೀಕ್ಷೆ ಮಾಡಬೇಕು.

ಇಂಥ ಸುದ್ದಿ ಪ್ರಕಟಿಸುವಾಗ ಪ್ರತಿ ಗುಂಪಿನಲ್ಲಿ ಎಷ್ಟು ಗಿಡ ನೋಡಿದರು, ಎಷ್ಟಕ್ಕೆ ಕೊರಕ ಬಿದ್ದಿತ್ತು, ಒಟ್ಟು ಎಷ್ಟು ತೋಟ ಎಂಬುದನ್ನೂ ಸಮೀಕ್ಷೆ ಮಾಡಿದವರಿಂದ ಕೇಳಿ ಪಡೆದು ಹಾಕಬೇಕೆಂದು ವಿನಂತಿ. ಒಂದು ಪುಟ್ಟ ಕೋಷ್ಟಕದ ಜಾಗ ಸಾಕು.

— ಸಂಖ್ಯಾಶಾಸ್ತ್ರ ಬೋಧಕರು, ಮಡಿಕೇರಿ