ತೇಪೆಯ ಕೆಲಸಕ್ಕೆ ಕಸವೆಂಬ ಹೆಸರು ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಮುಂಬಯಿಯ ಕನ್ನಡ ಮಹಿಳೆಯರು ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ, ಮೇಲೆ ಸೂಜಿಕೆಲಸ ಮಾಡಿ ಸಿದ್ಧಪಡಿಸಿದ ಗೋಡೆಚಿತ್ರಗಳ ಫೋಟೋಗಳನ್ನು ‘ಕಸದಿಂದ ರಸ’ ಎಂಬ ತಲೆಬರಹದಡಿ ಪ್ರಕಟಿಸಿದ್ದೀರಿ. ಇಂಥ ಕೆಲಸಕ್ಕೆ ಅರ್ಧ ಪುಟ ಮೀಸಲಿಟ್ಟದ್ದಕ್ಕೆ ಕೃತಜ್ಞತೆಗಳು. ಆದರೆ ಇಪ್ಪತ್ತು ವರ್ಷಗಳಿಂದ ಘಾಟ್ಕೋಪರಿನ ಮನೆಯ ಕಿಟಕಿ ಪಕ್ಕದಲ್ಲಿ ಕುಳಿತು ಇದೇ ಕೆಲಸ ಮಾಡುತ್ತಿರುವ ನನಗೆ ಆ ತಲೆಬರಹವಾಗಲಿ, ಫೋಟೋಗಳ ಕೆಳಗಿನ ವಿವರಣೆಯಾಗಲಿ ಒಪ್ಪಿಗೆಯಾಗಲಿಲ್ಲ.

ಮೊದಲು ವಿವರಣೆಯ ಮಾತು. ಅಲ್ಲಿ ಕಂಡದ್ದೆಲ್ಲವನ್ನೂ ‘ಧಾರವಾಡದ ಕಸೂತಿ’ ಎಂದು ಬರೆಯಲಾಗಿದೆ. ಎಲ್ಲ ಬಗೆಯ ಸೂಜಿಕೆಲಸವನ್ನೂ ಕಸೂತಿ ಎನ್ನುವ ರೂಢಿ ನಮ್ಮಲ್ಲಿದೆ ನಿಜ. ಆದರೆ ಧಾರವಾಡದ ಹೆಸರು ಸೇರಿಸಿದ ಮೇಲೆ ಅದಕ್ಕೆ ನಿರ್ದಿಷ್ಟವಾದ ಅರ್ಥ ಬರುತ್ತದೆ. ಅಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ತುಳಸಿ ಬೃಂದಾವನಗಳನ್ನು ಮೂಡಿಸುತ್ತಾರೆ, ದಾರಕ್ಕೆ ಗಂಟು ಹಾಕುವುದಿಲ್ಲ, ಮತ್ತು ಗವಂತಿ, ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಮುಖ ಯಾವುದು, ಬೆನ್ನು ಯಾವುದು ಎಂದು ಹೇಳಲು ಬಾರದಂತೆ ಕೆಲಸ ಸಾಗುತ್ತದೆ. ನೇಯ್ಗಿ, ಮೆಂತಿ ಎಂಬ ಇನ್ನೆರಡು ಹೊಲಿಗೆಗಳೂ ಎಣಿಕೆಯನ್ನೇ ನಂಬಿವೆ. ಉಟ್ಟು ಒಗೆದು ಸವೆದ ಬಟ್ಟೆಯಲ್ಲಿ ಎಳೆಗಳು ಜರುಗಿರುವುದರಿಂದ ಈ ಎಣಿಕೆ ಸುಲಭವಾಗಿ ಸಾಧ್ಯವಿಲ್ಲ. ನಿಮ್ಮ ಫೋಟೋಗಳಲ್ಲಿ ಹೆಚ್ಚಾಗಿ ಕಾಣುವುದು ಕೌದಿಯ, ಅಂದರೆ ಹಳೆಯ ಬಟ್ಟೆಗಳನ್ನು ಜೋಡಿಸಿ ಹೊಲಿದ ಹೊದಿಕೆಯ, ಸಾಲು ಹೊಲಿಗೆ. ಒಂದರ ನಾಲ್ಕೂ ಮೂಲೆಗಳಲ್ಲಿ ಮಡಿಚಿ ಕೂರಿಸಿದ ತ್ರಿಕೋನದ ತುಂಡುಗಳಿದ್ದವು. ಅದು ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರ ಕೌದಿಯ ಗುರುತು. ಅಂಚಿನಿಂದ ಹೊಲಿಯಲು ತೊಡಗಿ ಸುತ್ತುತ್ತ ನಡುವಿಗೆ ಬಂದು ಮುಗಿಸುವ ಅವರು, ಮೂಲೆಗೆ ಆ ‘ಫುಲಾ’ ಇಲ್ಲದ ಕೌದಿಯನ್ನು ಪೂರ್ಣವೆಂದು ಒಪ್ಪುವುದಿಲ್ಲ. ಅವರಿಂದ ಬಂದದ್ದನ್ನು ಧಾರವಾಡದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಇನ್ನು ‘ಕಸ’ದ ಮಾತು. ಧಾರಾವಿಯ ಹೊಲಿಗೆ ಘಟಕಗಳಿಂದ ಕಿಲೋ ಲೆಕ್ಕದಲ್ಲಿ ಹೊರಬೀಳುವ ಚಿಂದಿ ಇರಲಿ, ಹಳೆಯ ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವ, ಮರಾಠಿಯಲ್ಲಿ ಬೋಹಾರೀಣ ಎಂದು ಕರೆಯುವ ಹೆಂಗಸರ ಗಂಟೇ ಇರಲಿ, ಅದರಲ್ಲಿ ನಮಗೆ ಒದಗುವುದು ಸ್ವಲ್ಪವೇ. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಲಿ ಎಳೆ ಸವೆದಿದೆಯೆಂದು ತಿಳಿಯುತ್ತದೆ. ಹಿಮ್ಮಡಿಗೆ ತಾಗುವ ಅಂಚು ಮೊದಲು ಹೋಗುತ್ತದೆ, ಬಿಸಿಲು ಕಾಣದ ಒಳಸುತ್ತು ಬಣ್ಣವನ್ನು ಉಳಿಸಿಕೊಂಡಿರುತ್ತದೆ. ಕೆಂಪನ್ನು, ಕಪ್ಪನ್ನು ಬಿಳಿಯ ಪಕ್ಕದಲ್ಲಿ ಇಡುವ ಮೊದಲು ಒದ್ದೆಮಾಡಿದ ಬಿಳಿ ಬಟ್ಟೆಯನ್ನು ಅದರ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ತುಂಡುಗಳ ಹಾಸು, ಅಂದರೆ ನೇಯ್ಗೆಯ ಉದ್ದದ ಎಳೆ, ಒಂದೊಂದು ಒಂದೊಂದು ದಿಕ್ಕಿಗಿದ್ದರೆ, ಗೋಡೆಗೆ ತೂಗುಹಾಕಿದ ಕೆಲವು ತಿಂಗಳಲ್ಲೇ ಇಡೀ ಚಿತ್ರ ಒಂದು ಕಡೆಗೆ ಜೋಲುತ್ತದೆ. ನಿಸ್ಸತ್ವವಾದ ಹಳೆಯ ರೇಷ್ಮೆಗೆ ಹಿಂದಿನಿಂದ ಮಲ್ ಎಂಬ ತೆಳು ಹತ್ತಿ ಬಟ್ಟೆಯ ಆಸರೆ ಕೊಟ್ಟು, ತೆಳ್ಳಗಿನ ಸೂಜಿಯಿಂದ, ರಿಂಗಿಗೆ ಬಿಗಿಯದೆ ಕೈಯಲ್ಲೇ ಹಿಡಿದು ಹೊಲಿಯಬೇಕು; ಬಿಗಿದರೆ ಅದು ಅಲ್ಲೇ ಬಿರಿಯುತ್ತದೆ. ಅವಸರಕ್ಕೆ ಅಂಟು ಹಚ್ಚಿದವರ ಚಿತ್ರಗಳು ಮುಂಬಯಿಯ ಎರಡು ಮಳೆಗಾಲ ಕಳೆಯುವುದರೊಳಗೆ ಹಳದಿ ಕಲೆ ತೋರಿಸಿದ್ದನ್ನು ನಾನು ಕಂಡಿದ್ದೇನೆ. ಒಂದೂವರೆ ಅಡಿ ಅಗಲ, ಎರಡು ಅಡಿ ಉದ್ದದ ಚಿತ್ರಕ್ಕೆ ನನಗೆ ಎರಡು ತಿಂಗಳ ಮಧ್ಯಾಹ್ನಗಳು ಬೇಕಾಗುತ್ತವೆ.

ನನ್ನ ಒಂದು ಚಿತ್ರದ ಮೂಲೆಯಲ್ಲಿ ನಮ್ಮ ಮಾವನವರು ದುಡಿಯುತ್ತಿದ್ದ ಪರೇಲಿನ ಬಟ್ಟೆ ಗಿರಣಿಯ ಮುದ್ರೆಯಿರುವ ಹಾಸಿಗೆ ಹೊದಿಕೆಯ ಅಂಚಿದೆ. 1982ರ ಜನವರಿಯಲ್ಲಿ ಆರಂಭವಾದ ಮುಂಬಯಿಯ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಅವರು ಮತ್ತೆ ಆ ಗಿರಣಿಯೊಳಗೆ ಕಾಲಿಡಲಿಲ್ಲ. ಮಾಸಿದ ಆ ಮುದ್ರೆಯ ಸುತ್ತ ನಾನು ಒಂದು ಎಳೆ ದಾರ ಓಡಿಸಿದ್ದೇನೆ, ಅಷ್ಟೇ. ಅದಕ್ಕಿಂತ ಹೆಚ್ಚು ಮಾಡಲು ಕೈ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ಉಪನಗರದ ಸಭಾಂಗಣವೊಂದರಲ್ಲಿ ನಡೆದ ಪ್ರದರ್ಶನದಲ್ಲಿ ಸಂಘಟಕರು ಇದೇ ಚಿತ್ರವನ್ನು ಪ್ಲಾಸ್ಟಿಕ್ ಬಾಟಲಿಯ ಹೂಕುಂಡಗಳ ನಡುವೆ ಇಟ್ಟು, ‘ತ್ಯಾಜ್ಯ ವಿಭಾಗ’ ಎಂಬ ಚೀಟಿ ಅಂಟಿಸಿದ್ದರು. ಬೆಲೆ ಕೇಳಿದ ಮಹಿಳೆಯೊಬ್ಬರು, ‘ಹಳೇ ಸೀರೆ ತಾನೇ ಬಾಯಿ, ಇಷ್ಟೇಕೆ?’ ಎಂದರು. ಅವರನ್ನು ದೂರಿ ಫಲವಿಲ್ಲ. ಚೀಟಿ ಹೇಳಿದ್ದನ್ನೇ ಅವರು ಹೇಳಿದ್ದರು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬಲ್ಲಿಯ ಕಪ್ಪು ಮಹಿಳೆಯರು ಹೊಲದ ಕೆಲಸದ ಹಳೆಯ ಬಟ್ಟೆಗಳಿಂದ ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ, ನಂತರ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಹೊಲಿದವರ ಹೆಸರಿನೊಂದಿಗೆ ಗೋಡೆಗೆ ತೂಗುಹಾಕಿದ್ದರು. ನಮ್ಮ ಕೌದಿಗಳು ಅವಕ್ಕಿಂತ ಯಾವುದರಲ್ಲೂ ಕಡಿಮೆಯಿಲ್ಲವೆಂಬುದು ನನ್ನ ಅಭಿಪ್ರಾಯ.

ಹಾಗೆಂದು ಕೈಗೆ ಸಿಕ್ಕ ಸೀರೆಯನ್ನೆಲ್ಲ ಕತ್ತರಿಸಬೇಕೆಂದು ನಾನು ಹೇಳುತ್ತಿಲ್ಲ. ಈಚೆಗೆ ಇದೊಂದು ಚಾಳಿಯಾಗಿದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ‘ಕೊಂಡಿ’ ಹಾಕಿ ಒಂದಕ್ಕೊಂದು ಸೇರಿಸಿರುತ್ತಾರೆ. ಉಡಲು ಬರುವಂತಿರುವ ಅಂಥ ಸೀರೆಯ ಆ ಜೋಡಣೆಯ ಮೇಲೆಯೇ ಕತ್ತರಿ ಆಡಿಸಿ ದಿಂಬಿನ ಹೊದಿಕೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಸೂತಿ ಹಾಕಿದ ಹಳೆಯ ಕಪ್ಪು ಚಂದ್ರಕಾಳಿ ಸೀರೆ ಹರಿದಿದ್ದರೂ ಅದರ ಕಸೂತಿಯ ಭಾಗವನ್ನು ಇಡಿಯಾಗಿ ಬಿಡಿಸಿ ಹೊಸ ಬಟ್ಟೆಗೆ ಹೊಲಿದು ಉಳಿಸಬಹುದು. ಉಳಿದ ಚೂರುಗಳಷ್ಟೇ ನಮ್ಮ ಪಾಲಿಗೆ ಸಾಕು.

ಆದ್ದರಿಂದ ನನ್ನ ವಿನಂತಿ ಇಷ್ಟು. ವಿವರಣೆಯಲ್ಲಿನ ತಪ್ಪನ್ನು ದಯವಿಟ್ಟು ತಿದ್ದಿ ಪ್ರಕಟಿಸಿರಿ. ಮುಂದೆ ಇಂಥ ಕೆಲಸದ ಫೋಟೋ ಅಚ್ಚುಹಾಕುವಾಗ ಬಟ್ಟೆ ಯಾವುದು, ಹೊಲಿಗೆ ಯಾವುದು, ಹೊಲಿದವರು ಯಾರು ಎಂಬುದನ್ನು ಕೇಳಿ ಬರೆಯಿರಿ. ನಗರದ ಕನ್ನಡ ಸಂಘಗಳೂ ತಮ್ಮ ಪ್ರದರ್ಶನಗಳ ಚೀಟಿಗಳಲ್ಲಿ ಈ ಮೂರನ್ನು ನಮೂದಿಸಿ, ನಮ್ಮನ್ನು ಬಾಟಲಿಗಳ ಸಾಲಿನಿಂದ ಬೇರೆ ಮೇಜಿಗೆ ಬದಲಾಯಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಘಾಟ್ಕೋಪರಿನ ಓದುಗಳು