ನಿಸರ್ಗ ಚಿತ್ರಸ್ಪರ್ಧೆಯ ಕುರಿತು ಪೋಷಕರಿಗೆ ಪತ್ರ

ಮುಂಬಯಿ
ಜುಲೈ ಕೊನೆಯ ವಾರ

ಮಾನ್ಯ ಪೋಷಕರೇ,

ಸಪ್ರೇಮ ವಂದನೆಗಳು.

ಬರುವ ಆಗಸ್ಟ್ ತಿಂಗಳ ಕೊನೆಯ ಶನಿವಾರ ನಮ್ಮ ಶಾಲೆಯಲ್ಲಿ ನಿಸರ್ಗವನ್ನೇ ವಿಷಯವಾಗಿಟ್ಟುಕೊಂಡ ಚಿತ್ರಕಲಾ ಸ್ಪರ್ಧೆ ನಡೆಯಲಿದೆ. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಎಲ್ಲ ಮಕ್ಕಳೂ, ನಮ್ಮಲ್ಲಿ ಓದಿ ಈಗ ಜೂನಿಯರ್ ಕಾಲೇಜಿಗೆ ಹೋಗುತ್ತಿರುವವರೂ ಭಾಗವಹಿಸಬಹುದು. ಪ್ರವೇಶ ಶುಲ್ಕವಿಲ್ಲ, ಕಾಗದವನ್ನು ಶಾಲೆಯೇ ಕೊಡುತ್ತದೆ. ಇಷ್ಟನ್ನು ಡೈರಿಯಲ್ಲಿ ಎರಡು ಸಾಲು ಬರೆಸಿ ತಿಳಿಸಬಹುದಿತ್ತು. ಆದರೆ ಈ ಸಲದ ನಿಯಮಗಳು ಬೇರೆಯಾಗಿರುವುದರಿಂದ, ಮತ್ತು ಮನೆಯಲ್ಲಿ ನಿಮ್ಮ ಸಹಕಾರವಿಲ್ಲದೆ ಅವು ನಡೆಯುವಂಥವಲ್ಲವಾದ್ದರಿಂದ, ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮುಖ್ಯ ನಿಯಮ ಇದು: ಮಗು ತಾನು ಕಣ್ಣಾರೆ ಕಂಡ, ಮನೆಯಿಂದಲೋ ಶಾಲೆಯಿಂದಲೋ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಜೀವಿಯನ್ನು, ಅಂದರೆ ಒಂದು ಗಿಡ, ಮರ, ಹಕ್ಕಿ ಅಥವಾ ಹುಳುವನ್ನು, ಆರಿಸಿಕೊಳ್ಳಬೇಕು. ಸ್ಪರ್ಧೆಯ ದಿನದವರೆಗೆ ಅದನ್ನು ಮತ್ತೆ ಮತ್ತೆ ಹೋಗಿ ನೋಡಿ, ಕಂಡದ್ದನ್ನು ಪೆನ್ಸಿಲಿನಲ್ಲಿ ಒಂದು ಪುಟ್ಟ ಪುಸ್ತಕದಲ್ಲಿ ಚಿತ್ರವಾಗಿ ಬರೆದುಕೊಳ್ಳಬೇಕು. ಪಕ್ಕದಲ್ಲಿ ಎರಡು ಮೂರು ಸಾಲು ಕನ್ನಡದಲ್ಲಿ ಟಿಪ್ಪಣಿಯನ್ನೂ ಮಾಡಿಕೊಳ್ಳಬೇಕು. ಸ್ಪರ್ಧೆಯ ಕೋಣೆಗೆ ಆ ಪುಸ್ತಕವೊಂದನ್ನು ಮಾತ್ರ ತರಬಹುದು. ಮೊಬೈಲ್ ಆಗಲಿ, ಮುದ್ರಿತ ಚಿತ್ರವಾಗಲಿ ಇರಕೂಡದು. ಅಂಕಗಳಲ್ಲಿ ಅರ್ಧ ಚಿತ್ರಕ್ಕೆ, ಇನ್ನರ್ಧ ಆ ಪುಸ್ತಕಕ್ಕೆ.

ಏಕೆ ಹೀಗೆ ಎಂದು ನೀವು ಕೇಳುವುದು ಸಹಜ. ನಿಸರ್ಗದ ಚಿತ್ರ ಬರೆಯಿರಿ ಎಂದಾಗಲೆಲ್ಲ ನಮ್ಮ ಕೈಗೆ ಬರುವುದು ಎರಡು ತ್ರಿಕೋನದ ಗುಡ್ಡ, ನಡುವೆ ಕಿರಣಗಳ ಸೂರ್ಯ, ಒಂದು ಹೊಳೆ, ಒಂದು ಗುಡಿಸಲು, ಬಾಗಿದ ತೆಂಗಿನಮರ. ಮೂರನೆಯ ತರಗತಿಯ ಮಗುವಿನದೂ ಅದೇ, ಒಂಬತ್ತನೆಯ ತರಗತಿಯ ಹುಡುಗನದೂ ಅದೇ. ಮಗ್ಗಿ ಬಾಯಿಪಾಠ ಒಪ್ಪಿಸಿದ ಹಾಗೆ ಇದು ಕೈಪಾಠ ಒಪ್ಪಿಸುವುದು. ಅದರಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಕಾಗೆಯನ್ನು ಬರೆ ಎಂದರೆ ಇಡೀ ಹಕ್ಕಿಗೆ ಕಪ್ಪು ಬಳಿಯುವ ಮಕ್ಕಳೇ ಹೆಚ್ಚು. ನಮ್ಮ ಕಿಟಕಿಯ ಸರಳಿನ ಮೇಲೆ ದಿನವೂ ಬಂದು ಕೂರುವ ಊರಕಾಗೆಯ ಕುತ್ತಿಗೆ ಮತ್ತು ಎದೆ ಬೂದುಬಣ್ಣದವು; ಮೈಯೆಲ್ಲ ಕಪ್ಪಾಗಿ, ಕೊಕ್ಕು ಇನ್ನಷ್ಟು ದಪ್ಪವಾಗಿರುವುದು ಕಾಡುಕಾಗೆ. ಗಿಳಿಯನ್ನು ಬರೆದವರೆಲ್ಲ ಅದರ ಕೊರಳಿಗೆ ಗುಲಾಬಿ ಪಟ್ಟಿ ಹಾಕುತ್ತಾರೆ. ನಮ್ಮಲ್ಲಿ ಕಾಣುವ ಗಿಳಿಗಳಲ್ಲಿ ಆ ಪಟ್ಟಿ ಬೆಳೆದ ಗಂಡಿಗಷ್ಟೇ ಇರುತ್ತದೆ.

ಫ್ಲೆಮಿಂಗೊ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಹಲವರು ಈಗಾಗಲೇ ಅದನ್ನೇ ಬರೆಯುತ್ತೇವೆ ಎಂದು ಹೆಸರು ಕೊಟ್ಟಿದ್ದಾರೆ. ಶಿವಡಿಯ ಕೆಸರುಬಯಲಿಗೂ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿಗೆ 2022ರಲ್ಲಿ ಸೇರಿದ ಥಾಣೆ ಖಾರಿಗೂ (ಸಮುದ್ರದ ಕಿರುಚಾಚು) ಆ ಹಕ್ಕಿಗಳು ಚಳಿಗಾಲದ ಹೊತ್ತಿಗೆ ಬಂದು, ಮಳೆ ಹಿಡಿಯುವ ವೇಳೆಗೆ ಬಹುಪಾಲು ಹೊರಟುಹೋಗುತ್ತವೆ. ಆಗಸ್ಟ್ ತಿಂಗಳಲ್ಲಿ ಗುಲಾಬಿ ಹಿಂಡನ್ನು ಬರೆದು ತಂದ ಮಗು ಅದನ್ನು ಎಲ್ಲಿ ನೋಡಿತು ಎಂದು ತೀರ್ಪುಗಾರರು ಕೇಳಿಯೇ ಕೇಳುತ್ತಾರೆ. ಅಂದ ಹಾಗೆ, ಎಳೆಯ ಫ್ಲೆಮಿಂಗೊಗಳು ಬೂದುಬಣ್ಣದವು. ತಿನ್ನುವ ಪಾಚಿ ಮತ್ತು ಸಣ್ಣ ಜಲಜೀವಿಗಳಿಂದ ಆ ಗುಲಾಬಿ ವರ್ಣ ವರುಷಗಳ ಮೇಲೆ ಮೈಗೆ ಹತ್ತುತ್ತದೆ.

“ನಮ್ಮ ಚಾಳಿನಲ್ಲಿ ನಿಸರ್ಗ ಎಲ್ಲಿದೆ ಟೀಚರ್?” ಎಂದು ತಾಯಂದಿರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬೊರಿವಲಿಯ ರಾಷ್ಟ್ರೀಯ ಉದ್ಯಾನ 100 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಾಗಿದ್ದರೂ, ದಿನಗೂಲಿಗೆ ಹೋಗುವ ಮನೆಯವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಅದರ ಅಗತ್ಯವೂ ಇಲ್ಲ. ಈ ಮಳೆಯಲ್ಲಿ ನಿಮ್ಮ ಕಟ್ಟಡದ ಹಿಂಗೋಡೆಯನ್ನೊಮ್ಮೆ ನೋಡಿ. ನೀರಿನ ಪೈಪು ಗೋಡೆಗೆ ಸೇರುವ ಬಿರುಕಿನಲ್ಲಿ ಒಂದು ಅರಳಿ ಸಸಿ ಎದ್ದಿರುತ್ತದೆ. ಅದನ್ನು ಯಾರೂ ನೆಟ್ಟಿಲ್ಲ. ಹಣ್ಣು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಬೀಜ ಬಂದಿದೆ. ಅದರ ಚಿಗುರು ಹಸಿರಲ್ಲ, ತಾಮ್ರದ ಬಣ್ಣ. ಎಲೆಯ ತುದಿ ಬಾಲದಂತೆ ಉದ್ದವಾಗಿ ಇಳಿದಿದ್ದು, ಮಳೆಯ ನೀರು ಅಲ್ಲಿಂದಲೇ ಹನಿಹನಿಯಾಗಿ ಜಾರುತ್ತದೆ. ಸಸಿಯ ಬೇರು ಬಿರುಕನ್ನು ಹೇಗೆ ಹಿಡಿದುಕೊಂಡಿದೆ ಎಂಬುದನ್ನು ಗಮನಿಸಿ ಬರೆದ ಮಗುವಿಗೆ ಬೇರೆ ವಿಷಯವೇ ಬೇಡ.

ಅಥವಾ ಶಾಲೆಯ ಕಾಂಪೌಂಡಿನಲ್ಲಿ ಈಗ ತುಂಬಿಕೊಂಡಿರುವ, ಆಫ್ರಿಕಾ ಮೂಲದ ದೊಡ್ಡ ಬಸವನಹುಳುವನ್ನೇ ತೆಗೆದುಕೊಳ್ಳಿ. ಅದಕ್ಕೆ ಕೊಂಬು ಎರಡೆಂದು ಎಲ್ಲರೂ ಬರೆಯುತ್ತಾರೆ, ಇರುವುದು ನಾಲ್ಕು. ಮೇಲಿನ ಉದ್ದನೆಯ ಎರಡರ ತುದಿಯಲ್ಲಿ ಕಪ್ಪು ಚುಕ್ಕೆಯಂಥ ಕಣ್ಣುಗಳಿವೆ. ಕೆಳಗಿನ ಗಿಡ್ಡನೆಯವು ನೆಲ ತಡವಿ ವಾಸನೆ ಹಿಡಿಯಲು. ಚಿಪ್ಪಿನ ಸುರುಳಿ ಯಾವ ಕಡೆಗೆ ತಿರುಗಿದೆ, ಬಾಯಿ ಎಡಕ್ಕೋ ಬಲಕ್ಕೋ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಈ ಹುಳುವನ್ನು ಬರಿಗೈಯಲ್ಲಿ ಮುಟ್ಟಬಾರದು, ಅದು ರೋಗಕಾರಕ ಪರಾವಲಂಬಿಗಳನ್ನು ಹೊತ್ತಿರಬಹುದು, ನೋಡಲು ಮುಟ್ಟಬೇಕಿಲ್ಲ.

ಬಣ್ಣಕ್ಕಾಗಿ ಯಾರೂ ಹಣ ಖರ್ಚು ಮಾಡಬಾರದು. ದುಬಾರಿ ಪೆಟ್ಟಿಗೆ ತಂದ ಮಗುವಿನ ಪಕ್ಕದಲ್ಲಿ ಏನೂ ತರದ ಮಗು ಕೂತು ಸಂಕೋಚಪಡುವುದು ನನಗೆ ಇಷ್ಟವಿಲ್ಲ. ಆದ್ದರಿಂದ ಪೆನ್ಸಿಲ್, ಇದ್ದಲು ಮತ್ತು ಅಡುಗೆಮನೆಯಲ್ಲೋ ಅಂಗಳದಲ್ಲೋ ಸಿಗುವ ಬಣ್ಣಗಳಿಗೆ ಮಾತ್ರ ಅವಕಾಶ. ಚಹಾದ ಡಿಕಾಕ್ಷನ್‌ನಿಂದ ಮರದ ತೊಗಟೆಯ ಕಂದು ಸೊಗಸಾಗಿ ಬರುತ್ತದೆ. ಅರಿಸಿನಕ್ಕೆ ಚಿಟಿಕೆ ಸುಣ್ಣ ಸೇರಿಸಿದರೆ ಕೆಂಪಾಗುವುದು ಆರತಿಯ ಓಕುಳಿ ಮಾಡಿದವರಿಗೆಲ್ಲ ಗೊತ್ತಿದೆ. ಮಕ್ಕಳು ಬಹಳ ಮೆಚ್ಚುವುದು ದಾಸವಾಳವನ್ನು: ಕೆಂಪು ಎಸಳನ್ನು ಬಿಳಿ ಕಾಗದದ ಮೇಲೆ ಉಜ್ಜಿದರೆ ಮೂಡುವುದು ಕೆಂಪಲ್ಲ, ನೇರಳೆ, ಅದರ ಮೇಲೆ ನಿಂಬೆರಸದ ಹನಿ ಬಿದ್ದರೆ ಗುಲಾಬಿ, ಸುಣ್ಣದ ತಿಳಿನೀರು ಬಿದ್ದರೆ ಹಸಿರಿನತ್ತ ತಿರುಗುತ್ತದೆ. ಇಂಥ ಬಣ್ಣಗಳು, ಅದರಲ್ಲೂ ಅರಿಸಿನ, ಬಿಸಿಲಿಗೆ ಬೇಗ ಮಾಸುತ್ತವೆ. ಹಾಗಾಗಿ ಚಿತ್ರಗಳನ್ನು ಕಿಟಕಿಯಿಂದ ದೂರದ ಗೋಡೆಯಲ್ಲಿ ತೂಗುಹಾಕುತ್ತೇವೆ. ಮಲೆನಾಡಿನ ಕಡೆಯಿಂದ ಬಂದ ತಾಯಂದಿರಲ್ಲಿ ಹಸೆ ಚಿತ್ತಾರ ಬರೆಯಬಲ್ಲವರಿದ್ದರೆ ದಯವಿಟ್ಟು ತಿಳಿಸಿ. ಅಕ್ಕಿಹಿಟ್ಟಿನ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಕೆಮ್ಮಣ್ಣು ಮತ್ತು ಪುಂಡಿ ನಾರಿನ ಕುಂಚ ಇವುಗಳನ್ನು ಮಕ್ಕಳಿಗೆ ಒಂದು ಮಧ್ಯಾಹ್ನ ತೋರಿಸಿಕೊಟ್ಟರೆ ಉಪಕಾರವಾದೀತು. ನಮ್ಮ ಮಕ್ಕಳು ವಾರ್ಲಿ ಚಿತ್ರಗಳನ್ನು ಕಲಿತಿದ್ದಾರೆ. ಅದೇ ಬಗೆಯಲ್ಲಿ ಕೆಂಪು ಗೋಡೆಯ ಮೇಲೆ ಬಿಳಿಗೆರೆ ಎಳೆಯುವ ಕಲೆ ತಮ್ಮ ಕನ್ನಡ ನಾಡಿನಲ್ಲೂ ಇದೆಯೆಂದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಎಂಟನೆಯ ತರಗತಿಯ ಮೇಲಿನವರ ವಿಭಾಗಕ್ಕೆ ಇನ್ನೊಂದು ಷರತ್ತಿದೆ. ಅವರು ಜೀವಿಯ ಜೊತೆಗೆ ಅದು ಬದುಕುತ್ತಿರುವ ಜಾಗವನ್ನೂ ತೋರಿಸಬೇಕು. ಖಾರಿಯ ಬದಿಯಲ್ಲಿ ವಾಸಿಸುವವರು ಕಾಂಡ್ಲ (ಮ್ಯಾಂಗ್ರೋವ್) ಗಿಡವನ್ನು ನೋಡಬಹುದು: ಕೆಸರಿನಿಂದ ಪೆನ್ಸಿಲಿನಷ್ಟು ಉದ್ದಕ್ಕೆ ಮೇಲೆದ್ದು ನಿಲ್ಲುವ ಉಸಿರುಬೇರುಗಳು, ಗಿಡ ಹೊರಹಾಕಿದ ಉಪ್ಪು ಎಲೆಯ ಮೇಲೆ ಹರಳುಗಟ್ಟಿರುವುದು, ಬೇರುಗಳ ನಡುವೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ಎಲ್ಲವೂ ಚಿತ್ರಕ್ಕೆ ಸೇರಿದ್ದೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಮನೆಗಳಿಗೆ ನುಗ್ಗಿದ್ದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ನದಿ ಅಂದು ಎಲ್ಲಿಯವರೆಗೆ ಬಂದಿತ್ತೆಂದು ಮಕ್ಕಳಿಗೆ ಗೋಡೆ ತೋರಿಸಿ ಹೇಳಿದರೆ ಅವರ ಪುಸ್ತಕಕ್ಕೆ ಅದು ಒಳ್ಳೆಯ ಟಿಪ್ಪಣಿಯಾಗುತ್ತದೆ. ಆದರೆ ಘೋಷಣೆಗಳು ಬೇಡ. ಕಣ್ಣೀರಿಡುವ ಭೂಗೋಳ, ಬಾಯಿಗೆ ಥರ್ಮಾಮೀಟರ್ ಇಟ್ಟ ಭೂಮಿ, ‘ಮರ ಉಳಿಸಿ’ ಎಂಬ ದಪ್ಪಕ್ಷರ, ಇವು ಬಂದರೆ ಬಹುಮಾನಕ್ಕೆ ಪರಿಗಣಿಸುವುದಿಲ್ಲ.

ಹತ್ತನೆಯ ತರಗತಿಯ ಪೋಷಕರ ಆತಂಕ ನನಗೆ ಅರ್ಥವಾಗುತ್ತದೆ. ಇದು ವಾರದಲ್ಲಿ ಎರಡು ಮೂರು ಸಂಜೆ, ಒಂದಿಷ್ಟು ನಿಮಿಷಗಳ ಕೆಲಸ. ಸರಕಾರದ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯಟ್ ಚಿತ್ರಕಲಾ ಪರೀಕ್ಷೆಗಳಿಗೂ ಇದಕ್ಕೂ ಸಂಬಂಧವಿಲ್ಲ, ಇದರಿಂದ ಬೋರ್ಡಿನ ಅಂಕವೂ ಸಿಗುವುದಿಲ್ಲ. ಆದರೂ ವಸ್ತುವನ್ನು ಎದುರಿಗಿಟ್ಟು ಬರೆಯುವ ಅಭ್ಯಾಸ ಆ ಪರೀಕ್ಷೆಗಳಿಗೂ ನೆರವಾಗುತ್ತದೆ. ಚಿತ್ರಕಲೆಯಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿಗೆ ನಾನು ಸುಲಭದ ಭರವಸೆ ಕೊಡಲಾರೆ. ಉಡುಪಿ ಸಮೀಪದ ಕಟ್ಟಿಂಗೇರಿಯಿಂದ ಇದೇ ಮುಂಬಯಿಗೆ ಬಂದು, 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ದೇಶವೇ ಗುರುತಿಸುವ ಕಲಾವಿದರಾದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಮಕ್ಕಳಿಗೆ ತೋರಿಸುತ್ತೇವೆ. ಎಲ್ಲರೂ ಹೆಬ್ಬಾರರಾಗಲಿ ಎಂಬ ಆಸೆಯಿಂದಲ್ಲ. ಅಷ್ಟು ಕಡಿಮೆ ಗೆರೆಯಲ್ಲಿ ಅಷ್ಟನ್ನು ಹೇಳಲು ಎಷ್ಟು ನೋಡಿರಬೇಕು ಎಂಬುದು ಅವರ ಅರಿವಿಗೆ ಬರಲಿ ಎಂದು.

ಇನ್ನು ನಿಮ್ಮ ಪಾಲಿನ ಕೆಲಸ. ಮಗುವಿನ ಜೊತೆ ಹೋಗಿ, ಪಕ್ಕದಲ್ಲಿ ಸುಮ್ಮನೆ ಕೂತಿರಿ; ಎಲೆಗೆ ಎಷ್ಟು ನರ, ಅಂಚು ನುಣುಪೋ ಗರಗಸವೋ ಎಂದು ಕೇಳಿ. ಗೆರೆ ಸೊಟ್ಟಗಾದರೆ ತಿದ್ದಬೇಡಿ. ಡ್ರಾಯಿಂಗ್ ಕ್ಲಾಸಿನ ಗುರುಗಳಿಂದ ಔಟ್‌ಲೈನ್ ಹಾಕಿಸಿ ತರುವುದಾಗಲಿ, ಕೃತಕ ಬುದ್ಧಿಮತ್ತೆಯ ಆ್ಯಪ್‌ನಲ್ಲಿ ಚಿತ್ರ ಮಾಡಿಸಿ ಅದನ್ನು ನಕಲು ಮಾಡಿಸುವುದಾಗಲಿ ಬೇಡ. ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟಕ್ಕೆ ಕೈ ಬದಲಾದರೆ ನಮ್ಮ ಶಿಕ್ಷಕರಿಗೆ ತಿಳಿಯುತ್ತದೆ. ಹೋಟೆಲಿನಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಸಂಜೆ ಬಿಡುವಿಲ್ಲದಿದ್ದರೆ ಚಿಂತೆ ಬೇಡ, ಅಂಥ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ನಾವೇ ಕಾಂಪೌಂಡಿನಲ್ಲಿ ಕೂರಿಸುತ್ತೇವೆ.

ಸುರಕ್ಷತೆಯ ಬಗ್ಗೆ ಮಾತ್ರ ರಾಜಿಯಿಲ್ಲ. ಮಳೆಗಾಲದಲ್ಲಿ ಸಮುದ್ರದ ಭರತ ಮುಂಬಯಿಯಲ್ಲಿ 4.5 ಮೀಟರಿಗೂ ಮೀರಿ ಏರುವ ದಿನಗಳಿವೆ; ದೊಡ್ಡವರಿಲ್ಲದೆ ಯಾವ ಮಗುವೂ ಸಮುದ್ರದ ಬಂಡೆಗಾಗಲಿ ಕಾಂಡ್ಲದ ಕೆಸರಿಗಾಗಲಿ ಹೋಗಬಾರದು. ನಿಂತ ನೀರಿನಲ್ಲಿ ನಡೆದು ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಹತ್ತಿಸಿಕೊಳ್ಳುವುದೂ ಬೇಡ. ಆರೆ ಕಾಲೊನಿಯ ಕಡೆಯವರು ಸಂಜೆಗತ್ತಲಿಗೆ ಮುಂಚೆ ಮನೆ ಸೇರಬೇಕು, ಅಲ್ಲಿ ಚಿರತೆಯ ಓಡಾಟವಿದೆ. ಗೂಡು, ಮೊಟ್ಟೆ, ಚಿಟ್ಟೆಯ ರೆಕ್ಕೆ, ಕಿತ್ತ ಹೂಗೊಂಚಲು ಇವನ್ನು ಅಂಟಿಸಿದ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಬಣ್ಣಕ್ಕೆ ಬೇಕಾದ ದಾಸವಾಳ ಉದುರಿದ್ದಾದರೂ ಸಾಕು.

ತೀರ್ಪುಗಾರರಾಗಿ ಒಬ್ಬ ಚಿತ್ರಕಲಾ ಶಿಕ್ಷಕರೂ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿಯೊಬ್ಬರೂ ಬರಲಿದ್ದಾರೆ. ಪ್ರತಿ ವಿಭಾಗದಲ್ಲಿ ಮೂರು ಬಹುಮಾನ, ಎಲ್ಲವೂ ಪುಸ್ತಕಗಳೇ. ಬಹುಮಾನ ಬಂದರೂ ಬಾರದಿದ್ದರೂ ಪ್ರತಿಯೊಬ್ಬರ ಚಿತ್ರ ಮತ್ತು ಪುಸ್ತಕವನ್ನು ಗಣೇಶ ಚತುರ್ಥಿಯ ರಜೆ ಮುಗಿದ ನಂತರದ ಒಂದು ವಾರ ಸಭಾಂಗಣದಲ್ಲಿ ಇಡುತ್ತೇವೆ. ಈ ಪತ್ರದ ಕೆಳಗಿನ ಒಪ್ಪಿಗೆ ಚೀಟಿಯಲ್ಲಿ ಮಗು ಆರಿಸಿಕೊಂಡ ಜೀವಿ, ಅದು ಇರುವ ಜಾಗ ಮತ್ತು ಜೊತೆಗೆ ಹೋಗುವ ದೊಡ್ಡವರ ಹೆಸರು ಬರೆದು, ಸಹಿ ಮಾಡಿ, ಮುಂದಿನ ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ಕಳುಹಿಸಿಕೊಡಿ. ಬರೆಯಲು ತೊಂದರೆಯಿರುವವರು ಬೆಳಿಗ್ಗೆ ಮಗುವನ್ನು ಬಿಡಲು ಬಂದಾಗ ಕಚೇರಿಯಲ್ಲಿ ಹೇಳಿದರೂ ಸಾಕು, ನಾವೇ ಬರೆದುಕೊಳ್ಳುತ್ತೇವೆ.

ವಿಶ್ವಾಸಪೂರ್ವಕವಾಗಿ,
ಮುಖ್ಯೋಪಾಧ್ಯಾಯಿನಿ